ಗಾರ್ಬಲ್ ಮಾಡದ ಬಯೋಡಾಟಾ

ನೆಲ್ಯಾಡಿ, ಶಿರಾಡಿ, ಕೌಕ್ರಾಡಿ, ಗೋಳಿತೊಟ್ಟು, ಕಡಬ, ಉಪ್ಪಿನಂಗಡಿ ಕಡೆಯ ಈ ಸಲದ ಪದವೀಧರರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,

ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಪೇಟೆಗಳ ಝೆರಾಕ್ಸ್ ಅಂಗಡಿಗಳಲ್ಲಿ ಒಂದು ಹಾಳೆಗೆ ಬೇಡಿಕೆ ಏರುತ್ತದೆ. ಮೇಲೆ ಹೆಸರು, ಬಲಗಡೆ ಪಾಸ್‌ಪೋರ್ಟ್ ಅಳತೆಯ ಫೋಟೊ. ಅದರ ಕೆಳಗೆ, ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಜೊತೆ ತಾನೂ ಬೆಳೆಯಬೇಕೆಂಬ ಹಂಬಲವನ್ನು ಸಾರುವ ಎರಡು ಸಾಲು ಇಂಗ್ಲಿಷ್. ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಪದವಿವರೆಗಿನ ಅಂಕಗಳ ಪಟ್ಟಿ. ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಜಾತಿ, ಮದುವೆಯಾಗಿಲ್ಲ ಎಂಬ ಮಾಹಿತಿ. ಬಲ್ಲ ಭಾಷೆಗಳು, ಹವ್ಯಾಸಗಳು. ಕೊನೆಗೆ, ಮೇಲೆ ಹೇಳಿದ್ದೆಲ್ಲ ಸತ್ಯ ಎಂಬ ಘೋಷಣೆ, ಊರು, ದಿನಾಂಕ, ಸಹಿ. ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಇರುವ ಫೈಲಿನಿಂದ ಹಿಂದಿನವರ ಹೆಸರನ್ನು ಅಳಿಸಿ ನಿಮ್ಮ ಹೆಸರನ್ನು ಕೂರಿಸಿದರೆ ಕೆಲಸ ಮುಗಿಯಿತು. ಇದೇ ಹಾಳೆಗೆ ನಕ್ಷತ್ರ, ರಾಶಿ ಸೇರಿಸಿದರೆ ಮದುವೆಯ ಬಯೋಡಾಟಾ ಕೂಡ ಸಿದ್ಧ. ಹತ್ತು ಪ್ರತಿ ತೆಗೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಉದ್ಯೋಗ ಮೇಳಕ್ಕೆ ಹೊರಡುತ್ತೀರಿ. ಅದೇ ಹಾಳೆ ಪಿಡಿಎಫ್ ಆಗಿ ಮಂಗಳೂರಿನ ಆಸ್ಪತ್ರೆಗೂ ಹೋಗುತ್ತದೆ, ಬೈಕಂಪಾಡಿಯ ಗೋದಾಮಿಗೂ ಹೋಗುತ್ತದೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೂ ಹೋಗುತ್ತದೆ. ಮೂವರಿಗೂ ಒಂದೇ ಹಾಳೆ, ಒಂದೇ ಹಂಬಲ.

ಆ ಹಾಳೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಲ್ಲಿ ನೀವೂ ಇಲ್ಲ. ಕೆಲಸ ಕೊಡುವವರು ತಮಗೆ ಬೇಕಾದ್ದನ್ನು ಜಾಹೀರಾತಿನಲ್ಲಿ ಒಂದೊಂದಾಗಿ ಬರೆದು ಕೇಳಿರುತ್ತಾರೆ. ನೀವು ಆ ಯಾವ ಪ್ರಶ್ನೆಗೂ ಉತ್ತರಿಸದೆ, ಯಾರೂ ಕೇಳದ ಹತ್ತು ಸಂಗತಿಗಳನ್ನು ತಿಳಿಸಿ ಕೈಮುಗಿದಿರುತ್ತೀರಿ. ಈ ಪತ್ರದಲ್ಲಿ ನಾನು ವಾದಿಸಬೇಕೆಂದಿರುವುದು ಒಂದೇ ಮಾತು: ಪ್ರತಿಯೊಂದು ಕೆಲಸಕ್ಕೂ, ಅದರ ಜಾಹೀರಾತು ಕೇಳಿದ್ದನ್ನು ಓದಿ, ಬಯೋಡಾಟಾವನ್ನು ಹೊಸದಾಗಿ ಬರೆಯಬೇಕು, ಹಾಗೆ ಬರೆದದ್ದು ಎಲ್ಲರಿಗೂ ಹಂಚುವ ಹಾಳೆಗಿಂತ ಹೆಚ್ಚು ಪರಿಣಾಮಕಾರಿ ಮಾತ್ರವಲ್ಲ, ಹೆಚ್ಚು ಸತ್ಯವೂ ಆಗಿರುತ್ತದೆ. ಮಾತಿನ ಮೊದಲರ್ಧವನ್ನು ಕೇಳಿ ನೀವು ತಲೆಯಾಡಿಸಬಹುದು. ಎರಡನೆಯ ಅರ್ಧಕ್ಕೆ ಹುಬ್ಬು ಏರಬಹುದು. ಕೆಲಸಕ್ಕೆ ತಕ್ಕ ಹಾಗೆ ಬದಲಾಯಿಸುವುದು ಎಂದರೆ ವೇಷ ಹಾಕುವುದಲ್ಲವೇ ಎಂಬ ಸಂಶಯ ನಮ್ಮ ಕಡೆಯ ಮಕ್ಕಳಲ್ಲಿ ಗಟ್ಟಿಯಾಗಿದೆ. ಆ ಸಂಶಯಕ್ಕೆ ಗೌರವ ಕೊಟ್ಟೇ ಮುಂದುವರಿಯುತ್ತೇನೆ.

ನಮಗೆ ಗೊತ್ತಿರುವ ಕಡೆಯಿಂದಲೇ ಶುರುಮಾಡೋಣ. ಅಂಗಳದಲ್ಲಿ ಒಣಗಿಸಿ ಸುಲಿದ ಅಡಿಕೆಯನ್ನು ರಾಶಿ ರಾಶಿಯಾಗಿಯೇ ಅಂಗಡಿಗೆ ಒಯ್ಯುವ ಬೆಳೆಗಾರ ಕಡಿಮೆ. ಮೊದಲು ಗಾರ್ಬಲ್ ಆಗಬೇಕು: ಒಳ್ಳೆಯ ಚಾಲಿ ಬೇರೆ, ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ಒಂದೇ ತೋಟದ, ಒಂದೇ ಮರದ ಫಸಲು. ವಿಂಗಡಿಸಿದಾಗ ಒಂದೊಂದಕ್ಕೂ ಒಂದೊಂದು ಧಾರಣೆ. ವಿಂಗಡಿಸದೆ ಒಯ್ದರೆ ಕೊಳ್ಳುವವನು ತಾನೇ ಕೈಹಾಕಿ ನೋಡುತ್ತಾನೆ, ಆಗ ಕಣ್ಣಿಗೆ ಮೊದಲು ಬೀಳುವ ಕರಿಗೋಟಿನ ಲೆಕ್ಕದಲ್ಲೇ ಮಾತು ಶುರುವಾಗುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದರ ಹಿಂದೆಯೂ ಇಂಥ ಒಂದು ಅರಿವಿತ್ತು: ಬೆಳೆದವನಿಗೆ ತನ್ನ ಮಾಲಿನ ಬೆಲೆ ಗೊತ್ತಿರಬೇಕು, ಬೆಲೆ ಹೇಳುವ ಮಾತು ಪೂರ್ತಿಯಾಗಿ ಕೊಳ್ಳುವವನ ಬಾಯಿಗೆ ಬಿಡಬಾರದು. ಬಯೋಡಾಟಾ ವಿಷಯದಲ್ಲಿ ನಾವು ಇವತ್ತಿಗೂ ರಾಶಿ ಮಾರುವ ಕಾಲದಲ್ಲೇ ಇದ್ದೇವೆ. ಇಪ್ಪತ್ತೊಂದು ವರ್ಷದ ಬದುಕನ್ನು ಒಂದು ರಾಶಿ ಮಾಡಿ ಸುರಿದು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಎದುರಿನವರಿಗೆ ಬಿಡುತ್ತೇವೆ.

ಎದುರಿನವರು ಆರಿಸುವುದಿಲ್ಲ. ಅವರಿಗೆ ಅಷ್ಟು ಪುರುಸೊತ್ತಿಲ್ಲ. ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ಜಾಲತಾಣದವರು ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು ನೋಡಿದ್ದರು. ಮೊದಲ ನೋಟಕ್ಕೆ ಒಂದು ಬಯೋಡಾಟಾ ಮೇಲೆ ಕಣ್ಣು ನಿಲ್ಲುವುದು 2012ರ ಅಳತೆಯಲ್ಲಿ ಸುಮಾರು 6 ಸೆಕೆಂಡ್, 2018ರಲ್ಲಿ 7.4 ಸೆಕೆಂಡ್. ಅದು ಬೇರೆ ದೇಶದ, ಸಣ್ಣ ಪ್ರಮಾಣದ ಅಳತೆ. ಬೆಂಗಳೂರಿನಲ್ಲೂ ಸರಿಯಾಗಿ ಅಷ್ಟೇ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಹುದ್ದೆಗೆ ನೂರಾರು ಅರ್ಜಿ ಬಂದು ಬೀಳುವ ಮೇಜಿನ ಮುಂದೆ ಕೂತವರು ನಿಮ್ಮ ಹವ್ಯಾಸದ ಸಾಲಿನವರೆಗೆ ಇಳಿದು ಬರುತ್ತಾರೆ ಎಂದು ನಂಬುವುದಕ್ಕೂ ಕಾರಣ ಕಾಣುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಆ ಮೇಜಿಗೆ ಮುಟ್ಟುವ ಮೊದಲೇ ಅರ್ಜಿ ಸೋಸುವ ತಂತ್ರಾಂಶವೊಂದು ಕೂತಿರುತ್ತದೆ. ಜಾಹೀರಾತಿನಲ್ಲಿ ಕೇಳಿದ ಪದಗಳು ಹಾಳೆಯಲ್ಲಿ ಇವೆಯೋ ಇಲ್ಲವೋ ಎಂದು ಅದು ಹುಡುಕುತ್ತದೆ. ನೀವು ಟ್ಯಾಲಿಯಲ್ಲಿ ಪಳಗಿದ್ದರೂ ಹಾಳೆಯಲ್ಲಿ ‘ಕಂಪ್ಯೂಟರ್ ಜ್ಞಾನ’ ಎಂದಷ್ಟೇ ಇದ್ದರೆ ಅದರ ಪಾಲಿಗೆ ನಿಮಗೆ ಟ್ಯಾಲಿ ಬಾರದು. ಚಂದ ಕಾಣಲೆಂದು ಎಳೆದ ಎರಡು ಕಂಬಸಾಲು, ಚೌಕಟ್ಟು, ಚಿತ್ರಗಳೊಳಗೆ ಬರೆದದ್ದು ಎಷ್ಟೋ ಸಲ ಅದಕ್ಕೆ ಸರಿಯಾಗಿ ಓದಲಿಕ್ಕೂ ಬಾರದು.

ಈ ಸೋಸಣಿಗೆಯಲ್ಲಿ ಎಷ್ಟು ಒಳ್ಳೆಯ ಕಾಳು ಹೊರಗೆ ಬೀಳುತ್ತದೆ ಎನ್ನುವುದಕ್ಕೂ ಸಾಕ್ಷ್ಯವಿದೆ. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸೇರಿ ಅಮೆರಿಕ, ಬ್ರಿಟನ್, ಜರ್ಮನಿಗಳ ಕಂಪನಿಗಳನ್ನು ಕೇಳಿದಾಗ, ಮೇಲ್ಮಟ್ಟದ ಕೌಶಲದ ಹುದ್ದೆಗಳಲ್ಲಿ ಅರ್ಹರಾದವರೇ ಜಾಹೀರಾತಿನ ಷರತ್ತಿಗೆ ಅಕ್ಷರಶಃ ಹೊಂದಲಿಲ್ಲ ಎಂಬ ಕಾರಣಕ್ಕೆ ಹೊರಗೆ ಹೋಗುತ್ತಿದ್ದಾರೆಂದು ಶೇ. 88ರಷ್ಟು ಮಂದಿ ಒಪ್ಪಿಕೊಂಡರು. ಆರು ತಿಂಗಳಿಗಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಇದ್ದವರನ್ನು ಆ ಒಂದೇ ಕಾರಣಕ್ಕೆ ತೆಗೆದುಹಾಕುವ ಕಂಪನಿಗಳು ಸುಮಾರು ಅರ್ಧದಷ್ಟಿದ್ದವು. ಆರು ತಿಂಗಳು ಎಂಬ ಲೆಕ್ಕ ನಿಮಗೆ ಬೇರೆ ಕಡೆಯಿಂದಲೂ ಗೊತ್ತು: ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ನಮ್ಮ ರಾಜ್ಯದ ಯುವನಿಧಿ ಯೋಜನೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಸರ್ಕಾರ ಯಾವ ಗೆರೆಯಲ್ಲಿ ನಿಂತು ಇವರಿಗೆ ನೆರವು ಬೇಕು ಎನ್ನುತ್ತದೋ ಅದೇ ಗೆರೆಯಲ್ಲಿ ಯಂತ್ರ ಇವರು ಬೇಡ ಎನ್ನುತ್ತದೆ. ಆ ಆರು ತಿಂಗಳು ನಿಮ್ಮಲ್ಲಿ ಹೆಚ್ಚಿನವರು ಸುಮ್ಮನೆ ಕೂತಿರಲಿಲ್ಲ. ಅಪ್ಪನಿಗೆ ಸೊಂಟನೋವು ಎಂದು ರಬ್ಬರ್ ಟ್ಯಾಪಿಂಗ್ ನೋಡಿಕೊಂಡಿರಿ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಿಸುವ ಆಳುಗಳಿಗಾಗಿ ಫೋನು ಹಚ್ಚಿದಿರಿ, ಅಂಗಡಿಯಲ್ಲಿ ಲೆಕ್ಕ ಬರೆದಿರಿ. ಹಾಳೆಯಲ್ಲಿ ಮಾತ್ರ ಅದು ಬರೀ ಖಾಲಿ ಜಾಗ.

ಇಲ್ಲಿಗೆ ನನ್ನ ವಾದದ ಮುಖ್ಯ ಜಾಗಕ್ಕೆ ಬಂದೆವು. ನಮ್ಮ ಕಡೆಯವರ ಬಯೋಡಾಟಾ ಸೋಲುವುದು ಇಲ್ಲದ್ದನ್ನು ಹೇಳಿದ್ದರಿಂದಲ್ಲ, ಇದ್ದದ್ದನ್ನು ಬಿಟ್ಟದ್ದರಿಂದ. ಉದಾಹರಣೆಗೆ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಬಿಕಾಂ ಮುಗಿದಿದೆ. ಕಾಲೇಜಿಗೆ ಹೋಗುವ ಮೂರು ವರ್ಷವೂ ಬೆಳಿಗ್ಗೆ ಮತ್ತು ಸಂಜೆ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ನೆರವಾಗಿದ್ದಾಳೆ: ಸದಸ್ಯರು ತಂದ ಹಾಲನ್ನು ಅಳೆಯುವುದು, ಯಂತ್ರದಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ದಾಖಲಿಸುವುದು, ಬಟವಾಡೆ ಪಟ್ಟಿ ತಯಾರಿಸುವುದು. ಮನೆಯಲ್ಲಿ ರಬ್ಬರ್ ಶೀಟಿನ ತೂಕ, ದರ್ಜೆ, ಧಾರಣೆಯ ಲೆಕ್ಕ ಬರೆಯುವವಳೂ ಅವಳೇ. ಮನೆಮಾತು ಮಲಯಾಳಂ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇವಳ ಝೆರಾಕ್ಸ್ ಅಂಗಡಿಯ ಹಾಳೆ ಏನು ಹೇಳುತ್ತದೆ? ಅನುಭವ: ಇಲ್ಲ. ಬಲ್ಲ ಭಾಷೆ: ಕನ್ನಡ, ಇಂಗ್ಲಿಷ್, ಹಿಂದಿ. ಹವ್ಯಾಸ: ಓದುವುದು, ಸಂಗೀತ ಕೇಳುವುದು. ಹಾಲಿನ ಸಂಘಕ್ಕೆ ಹೋಗುವುದು ‘ಕೆಲಸ’ ಎಂದು ಅವಳಿಗೆ ಅನ್ನಿಸಿಯೇ ಇಲ್ಲ, ತುಳು ಮಲಯಾಳಂಗಳು ‘ಭಾಷೆ’ ಎಂದು ಬರೆಯತಕ್ಕವು ಎಂದೂ ಅನ್ನಿಸಿಲ್ಲ. ಕೆಳಗಿನ ಘೋಷಣೆ ಮೇಲಿನದೆಲ್ಲ ಸತ್ಯ ಎನ್ನುತ್ತದೆ. ಆದರೆ ‘ಅನುಭವ: ಇಲ್ಲ’ ಎಂಬುದು ಅವಳ ವಿಷಯದಲ್ಲಿ ಅಪ್ಪಟ ಸುಳ್ಳು.

ಈಗ ಅವಳ ಮುಂದೆ ಎರಡು ಜಾಹೀರಾತು ಇಡೋಣ. ಒಂದು, ಮಂಗಳೂರಿನ ಆಸ್ಪತ್ರೆಯೊಂದರ ನೋಂದಣಿ ಮತ್ತು ಬಿಲ್ಲಿಂಗ್ ಕೌಂಟರ್. ಕೇಳಿರುವುದು: ಯಾವುದೇ ಪದವಿ, ಕಂಪ್ಯೂಟರಿನಲ್ಲಿ ವೇಗವಾಗಿ ದಾಖಲಿಸುವ ಅಭ್ಯಾಸ, ಪಾಳಿಯಲ್ಲಿ ದುಡಿಯುವ ತಯಾರಿ, ಕನ್ನಡದ ಜೊತೆ ಮಲಯಾಳಂ. ಕಾಸರಗೋಡು, ಕಣ್ಣೂರು ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಬರುವ ರೋಗಿಗಳನ್ನು ನೋಡಿದವರಿಗೆ ಆ ಕೊನೆಯ ಷರತ್ತು ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಕೆಲಸಕ್ಕೆ ಅವಳ ಹಾಳೆಯ ನೆತ್ತಿಯಲ್ಲಿ ಇರಬೇಕಾದದ್ದು ಭಾಷೆಗಳು: ಮಲಯಾಳಂ ಮನೆಮಾತು, ಕನ್ನಡ ಓದು ಬರಹ, ತುಳು ಸರಾಗ ಮಾತು, ಇಂಗ್ಲಿಷ್ ವ್ಯವಹಾರಕ್ಕೆ ಸಾಕಾಗುವಷ್ಟು. ಅದರ ಕೆಳಗೆ ಸಂಘದ ಕೆಲಸ, ಹೀಗೆ: ‘ದಿನಕ್ಕೆರಡು ಹೊತ್ತು, ಸಾಲಿನಲ್ಲಿ ನಿಂತ ಅರುವತ್ತು ಸದಸ್ಯರ ವಿವರವನ್ನು ಸ್ಥಳದಲ್ಲೇ ಕಂಪ್ಯೂಟರಿಗೆ ದಾಖಲಿಸಿ ಚೀಟಿ ಕೊಟ್ಟ ಮೂರು ವರ್ಷದ ಅಭ್ಯಾಸ, ಬೆಳಗಿನ ಪಾಳಿ ಐದೂವರೆಯಿಂದ.’ ಎರಡನೆಯದು ಬೈಕಂಪಾಡಿಯ ವಿತರಕರೊಬ್ಬರ ಗೋದಾಮಿನಲ್ಲಿ ಲೆಕ್ಕ ಸಹಾಯಕರ ಹುದ್ದೆ. ಕೇಳಿರುವುದು ಬಿಕಾಂ, ಟ್ಯಾಲಿ, ಎಕ್ಸೆಲ್, ಸ್ಟಾಕ್ ಪುಸ್ತಕ. ಇಲ್ಲಿ ಭಾಷೆಗಳು ಕೆಳಗಿಳಿಯುತ್ತವೆ, ಬಿಕಾಂನ ಲೆಕ್ಕಶಾಸ್ತ್ರ ಮೇಲೇರುತ್ತದೆ, ಅದೇ ಸಂಘದ ಕೆಲಸ ಬೇರೆ ಮುಖ ತೋರಿಸುತ್ತದೆ: ‘ಹಾಲಿನ ಪ್ರಮಾಣ ಮತ್ತು ಗುಣಮಟ್ಟಕ್ಕೆ ತಕ್ಕಂತೆ ಸದಸ್ಯವಾರು ಮೊತ್ತ ಲೆಕ್ಕ ಹಾಕಿ ಬಟವಾಡೆ ಪಟ್ಟಿ ತಯಾರಿ, ದಿನದ ಒಟ್ಟು ಸಂಗ್ರಹಕ್ಕೂ ಪಟ್ಟಿಗೂ ತಾಳೆ.’ ಮನೆಯ ರಬ್ಬರ್ ಶೀಟಿನ ಲೆಕ್ಕವೂ ಈಗ ಒಳಗೆ ಬರುತ್ತದೆ, ಯಾಕೆಂದರೆ ದರ್ಜೆವಾರು ದಾಸ್ತಾನು ಇಡುವುದು ಎಂದರೆ ಅದೇ. ಆಸ್ಪತ್ರೆಯ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಸಾಲೂ ಸೃಷ್ಟಿಯಲ್ಲ. ಬದಲಾದದ್ದು ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಹೊರಗೆ ಎಂಬ ವಿಂಗಡಣೆ, ಮತ್ತು ಜಾಹೀರಾತಿನವರು ಬಳಸಿದ ಪದದಲ್ಲೇ ಮಾತಾಡುವ ಸೌಜನ್ಯ. ಅವರು ‘ಸ್ಟಾಕ್’ ಎಂದಿದ್ದರೆ ನೀವೂ ಸ್ಟಾಕ್ ಎನ್ನಿ, ‘ಇನ್ವೆಂಟರಿ’ ಎಂದಿದ್ದರೆ ಇನ್ವೆಂಟರಿ ಎನ್ನಿ. ಪುತ್ತೂರಿನ ಸಂತೆಯಲ್ಲಿ ಒಬ್ಬರ ಹತ್ತಿರ ತುಳುವಿನಲ್ಲಿ, ಇನ್ನೊಬ್ಬರ ಹತ್ತಿರ ಬ್ಯಾರಿಯಲ್ಲಿ, ಮತ್ತೊಬ್ಬರ ಹತ್ತಿರ ಅರೆಭಾಷೆಯಲ್ಲಿ ಮಾತಾಡುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಎದುರಿನವರ ಮಾತಿಗೆ ತಿರುಗಿದ ಮಾತ್ರಕ್ಕೆ ನಾವು ಬೇರೆ ಮನುಷ್ಯರಾದೆವು ಎಂದು ಯಾರೂ ಅಂದುಕೊಳ್ಳುವುದಿಲ್ಲ.

ಆದರೂ ಪ್ರಾಮಾಣಿಕತೆಯ ಪ್ರಶ್ನೆಯನ್ನು ಇಷ್ಟಕ್ಕೇ ಬಿಡಲಾಗದು. ಆರಿಸಿ ಹೇಳುವುದೂ ಒಂದು ಬಗೆಯ ಮರೆಮಾಚುವಿಕೆ ಎಂದು ನೀವು ಕೇಳಬಹುದು, ಕೇಳಬೇಕು. ಗಾರ್ಬಲ್ ಎಂಬ ಪದದ ಕತೆಯೇ ಆ ಎಚ್ಚರಿಕೆಯನ್ನು ಹೊತ್ತಿದೆ. ಅರಬ್ಬಿಯಲ್ಲಿ ಜರಡಿ ಹಿಡಿಯುವುದಕ್ಕೆ ಇದ್ದ ಪದ ಮಸಾಲೆ ವ್ಯಾಪಾರದ ಜೊತೆ ಯುರೋಪಿಗೆ ಹೋಯಿತು. ಕರಿಮೆಣಸಿನಂಥ ಸರಕಿನಿಂದ ಕಸ ಕಡ್ಡಿ ತೆಗೆದು ಹಸನು ಮಾಡುವುದಕ್ಕೆ ಇಂಗ್ಲಿಷಿನಲ್ಲೂ ಅದೇ ಪದ ನಿಂತಿತು. ಕಾಲಾಂತರದಲ್ಲಿ ಇಂಗ್ಲಿಷಿನವರು ಅದನ್ನು, ತಮಗೆ ಬೇಕಾದ ಮಾತನ್ನಷ್ಟೇ ಆರಿಸಿ ಅರ್ಥ ತಿರುಚುವುದು ಎಂಬ ಕಡೆಗೆ ಎಳೆದರು. ಅಡಿಕೆ ಅಂಗಡಿಯಲ್ಲಿ ಉಳಿದಿರುವುದು ಹಸನು ಮಾಡುವ ಹಳೆಯ ಅರ್ಥ. ಎರಡಕ್ಕೂ ನಡುವಿನ ಗೆರೆ ಎಲ್ಲಿದೆ ಎಂಬುದು ಬೆಳೆಗಾರನಿಗೆ ಗೊತ್ತು: ವಿಂಗಡಿಸುವುದು ವ್ಯಾಪಾರ, ಕಳಪೆಗೆ ಬಣ್ಣ ಹಾಕುವುದು ಮೋಸ. ಬಯೋಡಾಟಾದಲ್ಲಿ ಆ ಗೆರೆ ಹೀಗಿದೆ: ಹಾಳೆಯ ಯಾವುದೇ ಸಾಲಿನ ಮೇಲೆ ಸಂದರ್ಶಕರು ಬೆರಳಿಟ್ಟು ಐದು ನಿಮಿಷ ಪ್ರಶ್ನೆ ಕೇಳಿದರೆ ನೀವು ತಡವರಿಸದೆ ಉತ್ತರಿಸಬಲ್ಲಿರಾ? ಬಲ್ಲಿರಾದರೆ ಆ ಸಾಲು ಇರಲಿ. ಟ್ಯಾಲಿಯ ಒಂದು ವಾರದ ತರಬೇತಿಯನ್ನು ಪರಿಣತಿ ಎಂದು ಬರೆದರೆ ಮೊದಲ ಪ್ರಶ್ನೆಗೇ ಬಣ್ಣ ಬಿಡುತ್ತದೆ. ಎಲ್ಲೂ ಮಾಡದ ಕೆಲಸವನ್ನು ಮಾಡಿದೆ ಎಂದರೆ ಇನ್ನೂ ಕಷ್ಟ: 2014ರಿಂದ ಭವಿಷ್ಯ ನಿಧಿಗೆ ಎಲ್ಲಿ ದುಡಿದರೂ ಒಂದೇ ಯುಎಎನ್ ಸಂಖ್ಯೆ ಬಂದಿದೆ, ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಎಂಬುದು ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ದೊಡ್ಡ ಕಂಪನಿಗಳು ಕೆಲಸಕ್ಕೆ ಸೇರಿಸಿಕೊಂಡ ಮೇಲೂ ಹಿನ್ನೆಲೆ ಪರಿಶೀಲಿಸಿ ಹೊರಗೆ ಕಳಿಸುವುದುಂಟು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೆಲಸ ಸಿಗುವುದು ವಶೀಲಿಯಿಂದ, ಹಾಳೆಯಿಂದಲ್ಲ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ನ್ಯೂಟನ್ ಪಟ್ಟಣದ 282 ಮಂದಿಯನ್ನು ಅಧ್ಯಯನ ಮಾಡಿ ಎಪ್ಪತ್ತರ ದಶಕದಲ್ಲಿ ಪ್ರಕಟಿಸಿದಂತೆ, ಅವರಲ್ಲಿ ಶೇ. 56ರಷ್ಟು ಮಂದಿಗೆ ಕೆಲಸ ಸಿಕ್ಕಿದ್ದು ಗೊತ್ತಿದ್ದವರ ಮೂಲಕ. ಆದರೆ ಅವರ ಅಧ್ಯಯನ ಹೆಸರಾದದ್ದು ಇನ್ನೊಂದು ಕಾರಣಕ್ಕೆ. ಕೆಲಸದ ಸುಳಿವು ಕೊಟ್ಟವರಲ್ಲಿ ಹೆಚ್ಚಿನವರು ಆಪ್ತರಾಗಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಸಿಗುವ, ದೂರದ ಪರಿಚಯದವರಾಗಿದ್ದರು. ನಮ್ಮಲ್ಲೂ ಹಾಗೆಯೇ. ನೆಲ್ಯಾಡಿಯ ಅಂಗಡಿಯಲ್ಲಿ ಸಿಕ್ಕ ಯಾರದೋ ಬಾವನ ಗೆಳೆಯ ಬೆಂಗಳೂರಿನಲ್ಲಿದ್ದಾರೆ, ‘ಒಂದು ಬಯೋಡಾಟಾ ವಾಟ್ಸಾಪ್ ಮಾಡು ಮಾರಾಯ, ಕೊಟ್ಟು ನೋಡುವ’ ಎನ್ನುತ್ತಾರೆ. ಅವರು ಕಳಿಸುತ್ತಾರೆ, ಅದು ಇನ್ನೊಬ್ಬರಿಗೆ ಹೋಗುತ್ತದೆ, ಮೂರನೆಯವರ ಕೈಸೇರುವ ಹೊತ್ತಿಗೆ ನಿಮ್ಮ ಬಗ್ಗೆ ಹೇಳಬಲ್ಲವರು ಯಾರೂ ಉಳಿದಿರುವುದಿಲ್ಲ. ಅಲ್ಲಿಂದ ಮುಂದೆ ಮಾತಾಡಬೇಕಾದದ್ದು ಆ ಹಾಳೆ ಒಂದೇ. ವಶೀಲಿ ನಿಮ್ಮನ್ನು ಬಾಗಿಲವರೆಗೆ ಮುಟ್ಟಿಸಬಹುದು. ಪರಿಚಯವಿಲ್ಲದವರ ಮುಂದೆ ಯಾವ ಹಾಳೆ ಹಿಡಿದು ನಿಲ್ಲುತ್ತೀರಿ ಎಂಬ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ. ಶಿಫಾರಸು ಮಾಡುವವರಿಗೂ, ಈ ಕೆಲಸಕ್ಕೆ ಈಕೆ ಯಾಕೆ ಹೊಂದುತ್ತಾಳೆ ಎಂದು ಮೊದಲ ಮೂರು ಸಾಲಿನಲ್ಲೇ ಕಾಣುವ ಹಾಳೆಯನ್ನು ಮುಂದಕ್ಕೆ ದಾಟಿಸಲು ಮುಜುಗರವಾಗುವುದಿಲ್ಲ.

ಸರ್ಕಾರಿ ಕೆಲಸ, ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಇದರಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ಸರಿ, ಕೆಪಿಎಸ್‌ಸಿ, ಕೆಇಎ, ಐಬಿಪಿಎಸ್‌ಗಳಲ್ಲಿ ಬಯೋಡಾಟಾ ಎಂಬುದೇ ಇಲ್ಲ, ಅರ್ಜಿಯ ಕಾಲಂಗಳೇ ನಿಮ್ಮನ್ನು ವಿಂಗಡಿಸುತ್ತವೆ. ಆದರೆ ಅಲ್ಲಿಯೂ ಎಡವುವುದು ಅಧಿಸೂಚನೆಯನ್ನು ಅಕ್ಷರ ಬಿಡದೆ ಓದದವರೇ: ವಿದ್ಯಾರ್ಹತೆ ಯಾವ ದಿನಾಂಕಕ್ಕೆ ಪೂರ್ತಿಯಾಗಿರಬೇಕು, ಮೀಸಲಾತಿ ಪ್ರಮಾಣಪತ್ರ ಯಾವ ನಮೂನೆಯಲ್ಲಿರಬೇಕು, ಕನ್ನಡ ಮಾಧ್ಯಮ, ಗ್ರಾಮೀಣ ಕೋಟಾಕ್ಕೆ ಯಾರ ಸಹಿ ಬೇಕು ಎಂಬಲ್ಲಿ. ಕೇಳಿದ್ದನ್ನು ಕೇಳಿದ ಹಾಗೆ ಓದುವ ಅಭ್ಯಾಸ ಎರಡೂ ಕಡೆಗೆ ಒಂದೇ. ಆ ಅಭ್ಯಾಸವಿಲ್ಲದೆ ಪರೀಕ್ಷೆಯಲ್ಲಿ ಗೆದ್ದೂ ದಾಖಲೆ ಪರಿಶೀಲನೆಯಲ್ಲಿ ಸೋತರೆ ಅದರ ಸಂಕಟ ಹೆಚ್ಚು.

ಪ್ರತಿ ಸಲ ಹೊಸದಾಗಿ ಬರೆಯಲು ಸಮಯವೆಲ್ಲಿದೆ ಎಂಬುದು ಇನ್ನೊಂದು ಮಾತು. ಒಂದು ಸಲ, ಎರಡು ದಿನ ಕೂತು, ಯಾರಿಗೂ ಕಳಿಸದ ಒಂದು ಉದ್ದದ ಹಾಳೆ ಬರೆದಿಡಿ. ಮಾಡಿದ್ದೆಲ್ಲ ಅದರಲ್ಲಿರಲಿ: ಎನ್ಎಸ್ಎಸ್ ಶಿಬಿರದಲ್ಲಿ ಅಡುಗೆಯ ಸಾಮಾನಿಗೆ ಲೆಕ್ಕ ಇಟ್ಟದ್ದು, ಗಣೇಶೋತ್ಸವದ ರಶೀದಿ ಪುಸ್ತಕ ನೋಡಿಕೊಂಡದ್ದು, ಅಮ್ಮನ ಸ್ವಸಹಾಯ ಸಂಘದ ನಿರ್ಣಯ ಪುಸ್ತಕ ಬರೆದದ್ದು, ರಜೆಯಲ್ಲಿ ಹೆದ್ದಾರಿ ಬದಿಯ ಹೋಟೆಲಿನ ಗಲ್ಲಾದಲ್ಲಿ ಕೂತದ್ದು, ಪ್ರತಿಯೊಂದಕ್ಕೂ ಎಷ್ಟು ಕಾಲ, ಎಷ್ಟು ಜನ, ಎಷ್ಟು ಹಣ ಎಂಬ ಸಂಖ್ಯೆ ಸಮೇತ. ಅದು ನಿಮ್ಮ ಅಟ್ಟ. ಜಾಹೀರಾತು ಬಂದಾಗ ಅಟ್ಟದಿಂದ ಬೇಕಾದ್ದನ್ನು ಇಳಿಸಿಕೊಂಡರೆ ಒಂದು ಪುಟ ಅರ್ಧ ಗಂಟೆಯ ಕೆಲಸ. ಐವತ್ತು ಕಡೆಗೆ ಒಂದೇ ಹಾಳೆ ಎಸೆಯುವವರಿಗೆ ಆ ಅರ್ಧ ಗಂಟೆ ದುಬಾರಿ ಎನ್ನಿಸಬಹುದು. ಆದರೆ ಐವತ್ತರಲ್ಲಿ ನಲವತ್ತು ನಿಮಗೆ ಹೊಂದದ ಕೆಲಸಗಳು ಎಂಬುದು ಜಾಹೀರಾತನ್ನು ಕೂತು ಓದಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಈಗ ಚಾಟ್‌ಜಿಪಿಟಿ ಇದೆಯಲ್ಲ, ಜಾಹೀರಾತನ್ನು ಅದಕ್ಕೆ ಕೊಟ್ಟರೆ ಅರ್ಧ ನಿಮಿಷದಲ್ಲಿ ಹೊಂದಿಸಿ ಕೊಡುತ್ತದೆ ಎನ್ನುವವರೂ ಇದ್ದಾರೆ. ಇಂಗ್ಲಿಷಿನ ವ್ಯಾಕರಣ ತಿದ್ದಲು ಅದನ್ನು ಬಳಸಿ, ತಪ್ಪಿಲ್ಲ. ಆದರೆ ನಿಮ್ಮ ಅಟ್ಟದಲ್ಲಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಏನೂ ಹೇಳದೆ ಬರೆ ಎಂದರೆ ಜಾಹೀರಾತಿನ ಪದಗಳನ್ನೇ ತಿರುಗಿಸಿ ನಿಮ್ಮ ಬಾಯಲ್ಲಿ ಹೇಳಿಸುತ್ತದೆ. ನೂರು ಮಂದಿ ಅದೇ ಯಂತ್ರಕ್ಕೆ ಅದೇ ಜಾಹೀರಾತು ಕೊಟ್ಟರೆ ನೂರು ಹಾಳೆಗಳೂ ಅಕ್ಕತಂಗಿಯರಂತೆ ಕಾಣುತ್ತವೆ. ಝೆರಾಕ್ಸ್ ಅಂಗಡಿಯ ಫೈಲು ಹೊಸ ಅಂಗಿ ತೊಟ್ಟು ಬಂದ ಹಾಗೆ. ಫ್ಯಾಟ್, ಎಸ್‌ಎನ್‌ಎಫ್ ನೋಡಿ ಬರೆದ ಅರುವತ್ತು ಹೆಸರುಗಳ ಸಾಲನ್ನು ಯಂತ್ರ ಊಹಿಸಲಾರದು. ಅದು ನಿಮ್ಮ ಹತ್ತಿರ ಮಾತ್ರ ಇದೆ.

ಹಾಳೆ ಎಷ್ಟೇ ಚೆನ್ನಾಗಿದ್ದರೂ ಅದಕ್ಕೊಂದು ಮಿತಿಯಿದೆ, ಅದನ್ನು ಮುಚ್ಚಿಟ್ಟರೆ ಈ ಪತ್ರ ಪ್ರಾಮಾಣಿಕವಾಗದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು 66 ವಾರಗಳ ಕಾಲ ಭಾರತದ ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿ ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಮಾನ ವಿದ್ಯಾರ್ಹತೆ, ಹೆಸರು ಮಾತ್ರ ಬೇರೆ ಬೇರೆ. ಸವರ್ಣ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮುಂದಿನ ಹಂತಕ್ಕೆ ಕರೆ ಬರುವ ಸಂಭವ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಹಾಳೆಯನ್ನು ತಿದ್ದಿ ಈ ಅನ್ಯಾಯವನ್ನು ತಿದ್ದಲಾಗದು; ಅದು ಕಾನೂನು, ಸಂಘಟನೆ, ಸಾರ್ವಜನಿಕ ನಾಚಿಕೆಗಳ ಕೆಲಸ. ಆದರೆ ಕೇಳದೆ ಇದ್ದಾಗಲೂ ಧರ್ಮ, ಜಾತಿ, ತಂದೆಯ ಹೆಸರು, ಫೋಟೊ, ಮದುವೆಯ ವಿವರಗಳನ್ನು ನಾವಾಗಿ ಬರೆದು ಆ ಪಕ್ಷಪಾತದ ಕೈಗೆ ಅಳತೆಪಟ್ಟಿ ಕೊಡುವ ಅಗತ್ಯವೇನಿದೆ? ಜಾಹೀರಾತು ಕೇಳದ್ದನ್ನು ಬರೆಯಬಾರದು ಎಂಬ ನಿಯಮ ಇಲ್ಲಿಯೂ ಕಾಯುತ್ತದೆ. ಆ ಸಾಲುಗಳು ಹೋದರೆ ಹಾಲಿನ ಸಂಘಕ್ಕೂ ಮಲಯಾಳಂಗೂ ಜಾಗ ತಾನಾಗಿ ಸಿಗುತ್ತದೆ.

ಕೆಲಸ ಕೊಡುವವರಿಗೂ ಒಂದು ಮಾತು ಸಲ್ಲಬೇಕು. ‘ಆಕರ್ಷಕ ಸಂಬಳ, ಉತ್ಸಾಹಿ ಯುವಕ ಯುವತಿಯರು ಬೇಕಾಗಿದ್ದಾರೆ’ ಎಂದಷ್ಟೇ ಬರೆದವರಿಗೆ ಹೊಂದುವ ಬಯೋಡಾಟಾ ಬರೆಯಲು ಯಾರಿಂದಲೂ ಆಗದು. ಹೊಸಬರು ಬೇಕು ಎಂದು ಶುರುಮಾಡಿ ಎರಡು ವರ್ಷದ ಅನುಭವ ಕೇಳುವವರೂ ಇದ್ದಾರೆ. ಹಾರ್ವರ್ಡ್ ವರದಿ ಬೊಟ್ಟು ಮಾಡಿದ್ದು ಇಂಥ ಉಬ್ಬಿದ ಷರತ್ತುಗಳ ಕಡೆಗೇ. ಆದ್ದರಿಂದ ಜಾಹೀರಾತನ್ನು ವೇದವಾಕ್ಯ ಎಂದು ಓದಬೇಡಿ. ಯಾವುದಿಲ್ಲದೆ ಆ ಕೆಲಸ ನಡೆಯುವುದೇ ಇಲ್ಲ, ಯಾವುದು ಇದ್ದರೆ ಒಳ್ಳೆಯದು ಎಂದು ನೀವೇ ಎರಡು ಭಾಗ ಮಾಡಿಕೊಳ್ಳಿ. ಮೊದಲನೆಯ ಭಾಗ ನಿಮ್ಮಲ್ಲಿದ್ದರೆ ಎರಡನೆಯದರಲ್ಲಿ ಒಂದೆರಡು ಕಡಿಮೆ ಇದ್ದರೂ ಅರ್ಜಿ ಹಾಕಲು ಹಿಂಜರಿಯಬೇಡಿ.

ಕೊನೆಯದಾಗಿ, ಈ ಅಭ್ಯಾಸದಿಂದ ಸಿಗುವ ಒಂದು ಲಾಭ ಕೆಲಸ ಸಿಗದಿದ್ದರೂ ನಿಮ್ಮದೇ. ಒಂದು ಕಾಗದವನ್ನು ನಡುವೆ ಮಡಚಿ, ಎಡಗಡೆ ಜಾಹೀರಾತು ಕೇಳಿದ ಒಂದೊಂದನ್ನೂ, ಬಲಗಡೆ ಅದಕ್ಕೆ ಎದುರಾಗಿ ನೀವು ಮಾಡಿದ್ದನ್ನೂ ಬರೆಯಿರಿ. ಕೆಲವು ಸಾಲುಗಳ ಬಲಗಡೆ ಖಾಲಿ ಉಳಿಯುತ್ತದೆ. ಐದಾರು ಜಾಹೀರಾತು ಹೀಗೆ ನೋಡಿದರೆ ಖಾಲಿ ಉಳಿಯುವ ಜಾಗ ಪದೇ ಪದೇ ಒಂದೇ ಎಂದು ಕಾಣುತ್ತದೆ: ಎಕ್ಸೆಲ್ ಇರಬಹುದು, ಇಂಗ್ಲಿಷಿನಲ್ಲಿ ಎರಡು ಪುಟ ತಪ್ಪಿಲ್ಲದೆ ಬರೆಯುವುದಿರಬಹುದು. ಮುಂದಿನ ಮೂರು ತಿಂಗಳು ಏನು ಕಲಿಯಬೇಕು ಎಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ. ಎಲ್ಲರಿಗೂ ಕಳಿಸುವ ಹಾಳೆಯಲ್ಲಿ ಎಲ್ಲ ಕಾಲಂಗಳೂ ತುಂಬಿರುತ್ತವೆ, ಅದರಿಂದ ಏನು ಕಡಿಮೆಯಿದೆ ಎಂದು ಯಾವತ್ತೂ ಗೊತ್ತಾಗದು. ಅಂಗಳದಲ್ಲಿ ಗಾರ್ಬಲಿಗೆ ಕೂತವರಿಗೆ ಈ ಸಲ ಕರಿಗೋಟು ಯಾಕೆ ಹೆಚ್ಚಾಯಿತು ಎಂಬುದೂ ಕೈಗೆ ಗೊತ್ತಾಗುತ್ತದೆ, ಮುಂದಿನ ಮಳೆಗಾಲಕ್ಕೆ ಏನು ಮಾಡಬೇಕೆಂಬುದೂ ಹೊಳೆಯುತ್ತದೆ. ಮುಂದಿನ ಅರ್ಜಿ ಕಳಿಸುವ ಮೊದಲು ಆ ಕಾಗದವನ್ನು ಒಮ್ಮೆ ಮಡಚಿ ನೋಡಿ.

ಇಂತಿ,
ನಿಮ್ಮ ಹಿತೈಷಿ